ಮೊಣಕೈಗೆ ಬೆಲೆ ಕಟ್ಟುವುದು ಹೇಗೆ?

(ಪಿಟ್ಸ್‌ಬರ್ಗ್‌ನಲ್ಲಿ ಕನ್ನಡ ಗೆಳೆಯರ ಬಳಗದ ಮುಂದೆ ಆಡಿದ ಮಾತುಗಳ ಬರಹ ರೂಪ. ಲೆಕ್ಕವೆಲ್ಲ 2025ರ ಸೀಸನ್ ಮುಗಿದ ಹೊತ್ತಿನದು.)

ಎಲ್ಲರಿಗೂ ನಮಸ್ಕಾರ.

ಇಬ್ಬರು ಜಪಾನಿ ಹುಡುಗರಿಂದ ಶುರು ಮಾಡುತ್ತೇನೆ. ಇಬ್ಬರೂ ಬೇಸ್‌ಬಾಲ್ ಪಿಚರ್‌ಗಳು. ಕ್ರಿಕೆಟ್ಟಿನಲ್ಲಿ ಬೌಲರ್ ಇದ್ದ ಹಾಗೆ, ಚೆಂಡು ಎಸೆಯುವವರು. 2023ರ ಡಿಸೆಂಬರ್‌ನಲ್ಲಿ ಯೋಶಿನೋಬು ಯಮಮೋಟೊ ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡ ಸೇರಿದ. ವಯಸ್ಸು 25. 12 ವರ್ಷಕ್ಕೆ 32.5 ಕೋಟಿ ಡಾಲರ್. 2025ರ ಜನವರಿಯಲ್ಲಿ ರೋಕಿ ಸಸಾಕಿ ಅದೇ ತಂಡ ಸೇರಿದ. ವಯಸ್ಸು 23. ಅವನ ಕೈಗೆ ಬಂದ ಬೋನಸ್ 65 ಲಕ್ಷ ಡಾಲರ್. ಭಾಗಿಸಿ ನೋಡಿ, ಸರಿಯಾಗಿ 50 ಪಟ್ಟು ವ್ಯತ್ಯಾಸ.

ಸಸಾಕಿ ಯಮಮೋಟೊಗಿಂತ 50 ಪಟ್ಟು ಕಡಿಮೆ ಪಿಚರ್ ಏನಲ್ಲ. ಗಂಟೆಗೆ 100 ಮೈಲಿ ವೇಗದಲ್ಲಿ ಎಸೆಯುವ ಹುಡುಗ ಅವನು. ಆದರೆ ಹೊರದೇಶದ ಆಟಗಾರನಿಗೆ 25 ತುಂಬಿರಬೇಕು, ಆರು ವರ್ಷ ವೃತ್ತಿಪರ ಆಟ ಆಡಿರಬೇಕು. ಆಗ ಮಾತ್ರ ಅಮೆರಿಕದ ತಂಡಗಳು ಅವನಿಗೆ ಇಷ್ಟ ಬಂದಷ್ಟು ಕೊಡಬಹುದು. ಇಲ್ಲದಿದ್ದರೆ ಎಳೆಯರಿಗೆಂದೇ ತೆಗೆದಿಟ್ಟ ಸಣ್ಣ ಹುಂಡಿಯಿಂದ ಕೊಡಬೇಕು. ಸಸಾಕಿ ಎರಡು ವರ್ಷ ಕಾಯಲಿಲ್ಲ, ಅಷ್ಟೇ.

ಈ ಎರಡು ಸಂಖ್ಯೆ ನೋಡಿದ ದಿನದಿಂದ ನನಗೆ ಒಂದು ವಿಷಯ ತಲೆಯಲ್ಲಿ ಕೂತಿದೆ. ಎಳೆಯ ಪಿಚರ್‌ನ ಕಾಂಟ್ರಾಕ್ಟಿನಲ್ಲಿ ಅವನ ಆಟದ ಬೆಲೆ ಸಣ್ಣ ಭಾಗ. ದೊಡ್ಡ ಭಾಗ ಎರಡು ಬೇರೆ ಸಂಗತಿಗಳದು. ಅವನು ಎಷ್ಟು ವರ್ಷ ಕಟ್ಟಿಗೆ ಒಳಗಾಗಿದ್ದಾನೆ? ಅವನ ಮೊಣಕೈ ಹರಿದರೆ ನಷ್ಟ ಯಾರ ತಲೆ ಮೇಲೆ? ನಾನು ಇನ್ಶೂರೆನ್ಸ್ ಲೆಕ್ಕ ಹಾಕಿ ಬದುಕುವವನು. ಅದಕ್ಕೇ ಇರಬೇಕು, ಬೇಸ್‌ಬಾಲ್ ನೋಡುವಾಗಲೂ ನನ್ನ ಕಣ್ಣು ಮೊದಲು ಮೊಣಕೈಗೇ ಹೋಗುತ್ತದೆ.

ನಮ್ಮ ಊರಿನ ಹುಡುಗನನ್ನೇ ತೆಗೆದುಕೊಳ್ಳೋಣ. ಪಾಲ್ ಸ್ಕೀನ್ಸ್. ನಿಮ್ಮಲ್ಲಿ ಎಷ್ಟೋ ಜನ ಪಿಎನ್‌ಸಿ ಪಾರ್ಕ್‌ನಲ್ಲಿ ಅವನನ್ನು ನೋಡಿದ್ದೀರಿ. 2002ರ ಮೇ ತಿಂಗಳಲ್ಲಿ ಹುಟ್ಟಿದವನು. 2023ರ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸಬರನ್ನು ಆರಿಸಿಕೊಳ್ಳುವಾಗ, ನಮ್ಮ ಊರಿನ ಪೈರೇಟ್ಸ್ ತಂಡ ಮೊದಲ ಆಯ್ಕೆಯಾಗಿ ಅವನನ್ನು ತೆಗೆದುಕೊಂಡಿತು. ಬೋನಸ್ 92 ಲಕ್ಷ ಡಾಲರ್, ಆಗಿನ ದಾಖಲೆ. 2024ರ ಮೇ 11ರಂದು ಮೊದಲ ಪಂದ್ಯ. ಆ ವರ್ಷ 133 ಇನ್ನಿಂಗ್ಸ್ (ಮೂವರು ಔಟಾದರೆ ಒಂದು ಇನ್ನಿಂಗ್ಸ್, ಪಂದ್ಯಕ್ಕೆ ಒಂಬತ್ತು), 170 ಸ್ಟ್ರೈಕ್‌ಔಟ್, ಅಂದರೆ ಫೀಲ್ಡರ್ ನೆರವಿಲ್ಲದೆ ಪಿಚರ್ ತಾನೇ ಪಡೆದ ಔಟ್. ಇಆರ್‌ಎ 1.96, ಅಂದರೆ ಒಂಬತ್ತು ಇನ್ನಿಂಗ್ಸ್‌ಗೆ ಅವನ ಲೆಕ್ಕಕ್ಕೆ ಬಿದ್ದ ರನ್ ಎರಡಕ್ಕಿಂತ ಕಡಿಮೆ. ವರ್ಷದ ಶ್ರೇಷ್ಠ ಹೊಸಬ ಅಂತ ಪ್ರಶಸ್ತಿ ಬಂತು. 2025ರಲ್ಲಿ 216 ಸ್ಟ್ರೈಕ್‌ಔಟ್, ಇಆರ್‌ಎ 1.97. ಶ್ರೇಷ್ಠ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಒಂದೂ ಓಟು ತಪ್ಪದೆ ಬಂತು. ಆದರೂ ಗೆಲುವು 10, ಸೋಲು 10. ಅವನು ರನ್ ತಡೆದ, ತಂಡ ರನ್ ಹೊಡೆಯಲಿಲ್ಲ. ಪಿಚರ್‌ನ ಗೆಲುವು ಸೋಲಿನ ಲೆಕ್ಕ ನೋಡಿ ಬೆಲೆ ಕಟ್ಟಬಾರದು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

2025ರಲ್ಲಿ ಅವನ ಸಂಬಳ 8,75,000 ಡಾಲರ್. ಲೀಗ್‌ನ ಕನಿಷ್ಠ ಸಂಬಳ 7,60,000. ಎರಡಕ್ಕೂ ಹೆಚ್ಚು ದೂರವಿಲ್ಲ. ಎಳೆಯ ಆಟಗಾರರಿಗೆಂದು ಎಲ್ಲ ತಂಡಗಳೂ ಸೇರಿ ವರ್ಷಕ್ಕೆ 5 ಕೋಟಿ ಡಾಲರಿನ ಇನ್ನೊಂದು ಹುಂಡಿ ಇಡುತ್ತವೆ. ಅದರಿಂದ ಸ್ಕೀನ್ಸ್‌ಗೆ 34 ಲಕ್ಷ ಸಿಕ್ಕಿತು. ಈ ಬೋನಸ್ಸೇ ಸಂಬಳದ ಹೆಚ್ಚುಕಡಿಮೆ ನಾಲ್ಕು ಪಟ್ಟು.

ಯಾಕೆ ಹೀಗೆ? ಕಟ್ಟು ಹೀಗಿದೆ. ಮೇಜರ್ ಲೀಗ್‌ಗೆ, ಅಂದರೆ ಇಲ್ಲಿನ ಎಲ್ಲಕ್ಕಿಂತ ಮೇಲಿನ ಲೀಗ್‌ಗೆ, ಬಂದ ಹುಡುಗ ಆರು ವರ್ಷ ಅದೇ ತಂಡದ ಸ್ವತ್ತು. ಮೊದಲ ಮೂರು ವರ್ಷ ತಂಡ ಕೊಟ್ಟಷ್ಟು ಸಂಬಳ. ಮುಂದಿನ ಮೂರು ವರ್ಷ ಆರ್ಬಿಟ್ರೇಷನ್, ಅಂದರೆ ಪಂಚಾಯಿತಿ. ಆಟಗಾರ ಒಂದು ಮೊತ್ತ ಹೇಳುತ್ತಾನೆ, ತಂಡ ಒಂದು ಹೇಳುತ್ತದೆ. ಪಂಚರು ಎರಡರಲ್ಲಿ ಒಂದನ್ನು ಆರಿಸಬೇಕು. ನಡುವಿನ ಸಂಖ್ಯೆ ಹೇಳುವ ಹಾಗಿಲ್ಲ. ಆರು ವರ್ಷ ಮುಗಿದ ಮೇಲೆ ಅವನು ಫ್ರೀ ಏಜೆಂಟ್, ಯಾರಿಗೆ ಬೇಕಾದರೂ ಆಡಬಹುದು. ಐಪಿಎಲ್‌ನ ಹಾಗೆ ಹೊಸ ಹುಡುಗನನ್ನು ಹರಾಜಿಗೆ ನಿಲ್ಲಿಸಿ ಕೋಟಿ ಕೂಗುವ ಪದ್ಧತಿ ಇಲ್ಲಿಲ್ಲ.

ಲೀಗ್‌ನಲ್ಲಿ 172 ದಿನ ಕಳೆದರೆ ಒಂದು ವರ್ಷ ಅಂತ ಲೆಕ್ಕ. ಸ್ಕೀನ್ಸ್ ಬಂದದ್ದು ಮೇ 11ಕ್ಕೆ, ದಿನ ಸಾಲುತ್ತಿರಲಿಲ್ಲ. ಹಾಗಾಗಿದ್ದರೆ ತಂಡಕ್ಕೆ ಅವನ ಇನ್ನೊಂದು ವರ್ಷ ಅಗ್ಗಕ್ಕೆ ಸಿಗುತ್ತಿತ್ತು. ಆದರೆ 2022ರ ಒಪ್ಪಂದದಲ್ಲಿ ಆಟಗಾರರ ಸಂಘ ಒಂದು ಒಳ್ಳೆಯ ಷರತ್ತು ಸೇರಿಸಿತ್ತು. ಶ್ರೇಷ್ಠ ಹೊಸಬನ ಓಟಿನಲ್ಲಿ ಮೊದಲ ಎರಡು ಸ್ಥಾನ ಪಡೆದವರಿಗೆ ಪೂರ್ತಿ ವರ್ಷ ಕೊಡಬೇಕು. ಅದರಿಂದಾಗಿ ಸ್ಕೀನ್ಸ್ 2030ರ ಬದಲು 2029ರ ಸೀಸನ್ ಮುಗಿದ ಮೇಲೆ ಬಿಡುಗಡೆಯಾಗುತ್ತಾನೆ. ಆ ಒಂದು ವರ್ಷದ ಬೆಲೆ ಕೋಟಿಗಟ್ಟಲೆ ಡಾಲರ್. ಸಂಘ ಇದ್ದದ್ದು ಅವನ ಪುಣ್ಯ.

ಪಂಚಾಯಿತಿ ಎಷ್ಟು ಕಹಿ ಅಂತ ನೋಡಬೇಕಾದರೆ ಕಾರ್ಬಿನ್ ಬರ್ನ್ಸ್ ಕಥೆ ಕೇಳಿ. 2021ರ ಸೈ ಯಂಗ್ ವಿಜೇತ. 2023ರ ಫೆಬ್ರವರಿಯಲ್ಲಿ ಅವನು ಕೇಳಿದ್ದು 1.075 ಕೋಟಿ, ಮಿಲ್ವಾಕೀ ಬ್ರೂವರ್ಸ್ ಹೇಳಿದ್ದು 1.001 ಕೋಟಿ. ವ್ಯತ್ಯಾಸ 7.4 ಲಕ್ಷ. ಅವನು ಸೋತ. ದುಡ್ಡಿಗಿಂತ ಅವನಿಗೆ ನೋವಾದದ್ದು ತಂಡದವರು ಎದುರಿಗೇ ಹೇಳಿದ ಮಾತು. ಹಿಂದಿನ ವರ್ಷ ತಂಡ ಪ್ಲೇಆಫ್‌ಗೆ ಹೋಗದಿದ್ದದ್ದಕ್ಕೆ ತನ್ನನ್ನೇ ಹೊಣೆ ಮಾಡಿದರು ಅಂತ ಅವನು ಪತ್ರಕರ್ತರ ಮುಂದೆ ಹೇಳಿಕೊಂಡ. ಮರುವರ್ಷ ಬ್ರೂವರ್ಸ್ ಅವನನ್ನು ಬೇರೆ ತಂಡಕ್ಕೆ ಕೊಟ್ಟುಬಿಟ್ಟಿತು. ಬರ್ನ್ಸ್ ಬಗ್ಗೆ ಇನ್ನೂ ಇದೆ, ಆಮೇಲೆ ಬರುತ್ತೇನೆ.

ಈಗ ಬೆಲೆಗೆ ಬರೋಣ. ಬೇಸ್‌ಬಾಲ್ ಲೆಕ್ಕದವರು ಆಟಗಾರನನ್ನು ಗೆಲುವಿನಲ್ಲಿ ಅಳೆಯುತ್ತಾರೆ. ಕೆಳಗಿನ ಲೀಗ್‌ನಿಂದ ಯಾವಾಗ ಬೇಕಾದರೂ ಕನಿಷ್ಠ ಸಂಬಳಕ್ಕೆ ಒಬ್ಬ ಸಿಗುತ್ತಾನೆ, ಅಲ್ವಾ? ಅವನ ಜಾಗದಲ್ಲಿ ಈ ಹುಡುಗ ಆಡಿದರೆ ತಂಡಕ್ಕೆ ಎಷ್ಟು ಪಂದ್ಯ ಜಾಸ್ತಿ ಗೆಲುವು? ಅದೇ ಡಬ್ಲ್ಯೂಎಆರ್. ಚಳಿಗಾಲದಲ್ಲಿ ಫ್ರೀ ಏಜೆಂಟ್‌ಗಳಿಗೆ ತಂಡಗಳು ಸುರಿಯುವ ಹಣವನ್ನು ಅವರಿಂದ ನಿರೀಕ್ಷಿಸುವ ಗೆಲುವಿನಿಂದ ಭಾಗಿಸಿದರೆ ಒಂದು ಗೆಲುವಿಗೆ ಹೆಚ್ಚುಕಡಿಮೆ 80 ಲಕ್ಷದಿಂದ 1 ಕೋಟಿ ಡಾಲರ್ ಬೀಳುತ್ತದೆ. ನಾನು 90 ಲಕ್ಷ ಅಂತ ಇಟ್ಟುಕೊಳ್ಳುತ್ತೇನೆ.

ತಕ್ಕಡಿಯೂ ಒಂದೇ ಇಲ್ಲ. ಒಂದು ಲೆಕ್ಕ ಎದುರಾಳಿ ಎಷ್ಟು ರನ್ ಮಾಡಿದ ಅಂತ ನೋಡುತ್ತದೆ. ಇನ್ನೊಂದು ಸ್ಟ್ರೈಕ್‌ಔಟ್, ಬಿಟ್ಟಿ ಕೊಟ್ಟ ವಾಕ್ (ಕ್ರಿಕೆಟ್ಟಿನ ವೈಡ್ ಇದ್ದ ಹಾಗೆ), ಹೋಮ್ ರನ್ (ಸಿಕ್ಸರ್ ಇದ್ದ ಹಾಗೆ) ಇಷ್ಟನ್ನೇ ನೋಡುತ್ತದೆ. ಬ್ಯಾಟಿಗೆ ತಾಗಿದ ಚೆಂಡು ಎಲ್ಲಿ ಬೀಳುತ್ತದೆ ಎನ್ನುವುದರಲ್ಲಿ ಅದೃಷ್ಟ, ಫೀಲ್ಡರ್ ಕೈವಾಡ ಜಾಸ್ತಿ ಅಂತ ಅದರ ವಾದ. 2024ರ ಸ್ಕೀನ್ಸ್‌ಗೆ ಮೊದಲ ತಕ್ಕಡಿ ಸುಮಾರು 6 ಗೆಲುವು ಕೊಟ್ಟಿತು, ಎರಡನೆಯದು 4ಕ್ಕಿಂತ ಸ್ವಲ್ಪ ಜಾಸ್ತಿ. ಒಂದೇ ಹುಡುಗ, ಒಂದೇ ವರ್ಷ. ಆ ಒಂದೂವರೆ ಗೆಲುವೇ ಒಂದೂಕಾಲು ಕೋಟಿ ಡಾಲರ್ ಮೇಲೆ. ಮುಂದಿನ ವರ್ಷಗಳ ಅಂದಾಜಿಗೆ ನಾನು ಎರಡನೆಯದರ ಕಡೆ ವಾಲುತ್ತೇನೆ. ಯಾಕೆಂದರೆ ಸ್ಟ್ರೈಕ್‌ಔಟ್ ಮಾಡುವ ಶಕ್ತಿ ವರ್ಷದಿಂದ ವರ್ಷಕ್ಕೆ ಅಷ್ಟಾಗಿ ಕೈಕೊಡುವುದಿಲ್ಲ.

ಶಕ್ತಿ ಕೈಕೊಡದಿದ್ದರೂ ಕೈಯೇ ಕೈಕೊಡಬಹುದಲ್ಲ? ಮೊಣಕೈ ಒಳಬದಿಯಲ್ಲಿ ಮೇಲಿನ ಎಲುಬನ್ನೂ ಕೆಳಗಿನ ಎಲುಬನ್ನೂ ಹಿಡಿದಿಡುವ ಒಂದು ಪಟ್ಟಿ ಇದೆ. ಲಿಗಮೆಂಟ್. ವೇಗದ ಪ್ರತಿ ಎಸೆತಕ್ಕೂ ಅದು ಹರಿಯುವ ಅಂಚಿಗೆ ಹೋಗಿ ಬರುತ್ತದೆ. ಸ್ನಾಯು ಬೆಳೆಸಿದ ಹಾಗೆ ಅದನ್ನು ಬೆಳೆಸಲು ಆಗುವುದಿಲ್ಲ. 1974ರ ಸೆಪ್ಟೆಂಬರ್ 25ರಂದು ಡಾ. ಫ್ರಾಂಕ್ ಜೋಬ್ ಅವರು ಟಾಮಿ ಜಾನ್ ಎಂಬ ಪಿಚರ್‌ನ ಬಲ ಮುಂಗೈಯಿಂದ ಸ್ನಾಯುರಜ್ಜು ತೆಗೆದು ಎಡ ಮೊಣಕೈಗೆ ಜೋಡಿಸಿದರು. ಅಲ್ಲಿಯವರೆಗೆ ಲಿಗಮೆಂಟ್ ಹರಿದರೆ ಪಿಚರ್‌ನ ಕಥೆ ಮುಗಿಯಿತು ಅಂತಲೇ ಅರ್ಥ. ಟಾಮಿ ಜಾನ್ 1976ರಲ್ಲಿ ಮರಳಿ ಬಂದು ಇನ್ನೂ 164 ಪಂದ್ಯ ಗೆದ್ದರು. ಆಪರೇಷನ್‌ಗೆ ಅವರ ಹೆಸರೇ ಉಳಿಯಿತು. ಈಗ ಅದು ಮಾಮೂಲಿ. ಆದರೂ ಒಂದು ವರ್ಷಕ್ಕಿಂತ ಜಾಸ್ತಿ ಆಟ ಹೋಗುತ್ತದೆ.

ಸ್ಟೀಫನ್ ಸ್ಟ್ರಾಸ್‌ಬರ್ಗ್ ನೆನಪಿದೆಯಾ? 2010ರ ಜೂನ್ 8, ಅವನ ಮೊದಲ ಪಂದ್ಯ. ಎದುರಿಗಿದ್ದದ್ದು ನಮ್ಮ ಪೈರೇಟ್ಸ್ ತಂಡವೇ. 14 ಸ್ಟ್ರೈಕ್‌ಔಟ್. ಸೆಪ್ಟೆಂಬರ್ ಹೊತ್ತಿಗೆ ಟಾಮಿ ಜಾನ್ ಆಪರೇಷನ್. ಅದರಿಂದ ಎದ್ದು ಬಂದ. 2019ರ ವರ್ಲ್ಡ್ ಸೀರೀಸ್‌ನಲ್ಲಿ, ಅಂದರೆ ಲೀಗ್‌ನ ಫೈನಲ್‌ನಲ್ಲಿ, ಶ್ರೇಷ್ಠ ಆಟಗಾರನಾದ. ಆ ಡಿಸೆಂಬರ್‌ನಲ್ಲಿ ವಾಷಿಂಗ್ಟನ್ ನ್ಯಾಷನಲ್ಸ್ ಏಳು ವರ್ಷಕ್ಕೆ 24.5 ಕೋಟಿ ಕೊಟ್ಟಿತು. ಆಮೇಲೆ ಅವನು ಆಡಿದ್ದು ಎಂಟೇ ಪಂದ್ಯ, 31 ಇನ್ನಿಂಗ್ಸ್ ಮೇಲೊಂದಿಷ್ಟು. ಒಂದು ಇನ್ನಿಂಗ್ಸ್‌ಗೆ 78 ಲಕ್ಷ ಡಾಲರ್ ಬಿತ್ತು. ಅವನನ್ನು ದೂರುವುದಕ್ಕಲ್ಲ ಈ ಸಂಖ್ಯೆ. ಆಡಬೇಕೆಂದು ಅವನು ಪಟ್ಟ ಪಾಡು ಸಣ್ಣದಲ್ಲ. ಬೇಸ್‌ಬಾಲ್ ಕಾಂಟ್ರಾಕ್ಟ್ ಪೂರ್ತಿ ಗ್ಯಾರಂಟಿ. ಆಡಲಿ ಬಿಡಲಿ, ದುಡ್ಡು ಕೊಡಬೇಕು. ನಷ್ಟ ತಂಡದ್ದು.

ಇದರ ಇನ್ನೊಂದು ಮಗ್ಗುಲು ಮಾರ್ಕ್ ಪ್ರಯರ್. 2003ರಲ್ಲಿ ಶಿಕಾಗೊ ಕಬ್ಸ್‌ಗೆ 18 ಗೆಲುವು, 245 ಸ್ಟ್ರೈಕ್‌ಔಟ್. ಇಂಥವನು ಮತ್ತೊಬ್ಬನಿಲ್ಲ ಅಂತ ಎಲ್ಲರೂ ಹೇಳುತ್ತಿದ್ದರು. ಮೇಜರ್ ಲೀಗ್‌ನಲ್ಲಿ ಅವನ ಕೊನೆಯ ಪಂದ್ಯ 2006ರ ಆಗಸ್ಟ್‌ನಲ್ಲಿ. ಆಗ ವಯಸ್ಸು 25. ಕೋಟಿಗಳು ಸಿಗುವ ಆ ಬಾಗಿಲಿಗೆ ಗಟ್ಟಿ ಭುಜ ಹೊತ್ತುಕೊಂಡು ಅವನು ತಲುಪಲೇ ಇಲ್ಲ. ಇಲ್ಲಿ ನಷ್ಟ ಹುಡುಗನದು. ನನಗೆ ಈ ಕಟ್ಟು ಪಿಚರ್‌ಗಳ ವಿಷಯದಲ್ಲಿ ಅನ್ಯಾಯ ಅನ್ನಿಸುವುದು ಇದಕ್ಕೇ. ಬ್ಯಾಟ್ ಬೀಸುವವನು ಆರು ವರ್ಷ ಕಾದರೂ ತೋಳು ಇರುತ್ತದೆ. ಎಸೆಯುವವನ ತೋಳು ಕಾಯುವುದಿಲ್ಲ. ಅವನ ಅತ್ಯಂತ ಒಳ್ಳೆಯ ವರ್ಷಗಳು ಅತ್ಯಂತ ಅಗ್ಗದ ವರ್ಷಗಳೇ ಆಗಿಬಿಡುತ್ತವೆ.

ಇನ್ನು ಸ್ಕೀನ್ಸ್ ಅಂದಾಜು. ಆರೋಗ್ಯವಾಗಿದ್ದರೆ ವರ್ಷಕ್ಕೆ 6 ಗೆಲುವು ಅಂದುಕೊಳ್ಳಿ. ಆರು ವರ್ಷಕ್ಕೆ ಒಂದು ವರ್ಷ ಗಾಯಕ್ಕೆ ಹೋಗುತ್ತದೆ ಅಂತ ನಾನು ಹಿಡಿಯುತ್ತೇನೆ. ಇದು ನನ್ನ ಊಹೆ, ನೀವು ಬೇರೆ ಹಿಡಿಯಬಹುದು. ಸರಾಸರಿ 5 ಬಂತು. ಆದರೆ 5 ಗೆಲುವಿನ ಸ್ಕೀನ್ಸ್ ಅನ್ನುವವನು ಎಲ್ಲೂ ಇಲ್ಲ. ಒಂದೋ 6ರ ಹುಡುಗ ಇರುತ್ತಾನೆ, ಇಲ್ಲವೋ ಕೈಗೆ ಪಟ್ಟಿ ಕಟ್ಟಿಕೊಂಡು ಬೆಂಚಿನ ಮೇಲೆ ಕೂತ ಸೊನ್ನೆಯ ಹುಡುಗ. ಇನ್ಶೂರೆನ್ಸ್‌ನಲ್ಲಿ ಸಾವಿರ ಮನೆ ಇದ್ದಾಗ ಸರಾಸರಿ ನಿಜವಾಗುತ್ತದೆ. ಒಂದೇ ಮನೆಯಲ್ಲಿ ಇರುವವನಿಗೆ ಸರಾಸರಿ ಬೆಂಕಿ ಅಂತ ಇರುವುದಿಲ್ಲ.

ಒಪ್ಪಂದ ಹುಟ್ಟುವುದು ಇಲ್ಲೇ. ಸ್ಕೀನ್ಸ್ ಹತ್ತಿರ ಇರುವುದು ಒಂದೇ ಮೊಣಕೈ. ಅವನಿಗೆ ಮೊದಲ 5 ಕೋಟಿ ಬದುಕನ್ನೇ ಬದಲಿಸುತ್ತದೆ, ಮೂವತ್ತು ಕೋಟಿಯಿಂದ ಮೂವತ್ತೈದು ಕೋಟಿಗೆ ಹೋಗುವ 5 ಕೋಟಿ ಅಷ್ಟು ಬದಲಿಸುವುದಿಲ್ಲ. ತಂಡದ ಹತ್ತಿರ ಹತ್ತಾರು ಮೊಣಕೈಗಳಿವೆ. ಹಾಗಾಗಿ ಅದೇ ಅಪಾಯ ಹುಡುಗನಿಗೆ ಭಾರ, ತಂಡಕ್ಕೆ ಹಗುರ. ಹುಡುಗ ಸ್ವಲ್ಪ ಬೆಲೆ ಬಿಟ್ಟುಕೊಟ್ಟು ಅಪಾಯವನ್ನು ತಂಡಕ್ಕೆ ದಾಟಿಸುತ್ತಾನೆ. ಆ ಸ್ವಲ್ಪ ಎಷ್ಟು ಎನ್ನುವುದರ ಮೇಲೇ ಎಲ್ಲ ಚೌಕಾಸಿ.

2026 ಇನ್ನೂ ಅಗ್ಗದ ವರ್ಷ, ಸುಮಾರು 10 ಲಕ್ಷ. 2027ರಿಂದ 2029 ಪಂಚಾಯಿತಿ. ಸರಾಸರಿ 5, 4.6, 4.3 ಗೆಲುವು ಅಂತ ಇಳಿಸುತ್ತಾ ಹೋಗಿದ್ದೇನೆ. ಪಂಚಾಯಿತಿಯಲ್ಲಿ ಮಾರುಕಟ್ಟೆ ಬೆಲೆಯ 40, 60, 80 ಪ್ರತಿಶತ ಸಿಗುತ್ತದೆ ಅನ್ನುವುದು ಹಳೆಯ ಲೆಕ್ಕ. ಅದರ ಪ್ರಕಾರ 7.4 ಕೋಟಿ. ಆದರೆ ಪಂಚರು ಹಿಂದೆ ಅದೇ ಹಂತದ ಪಿಚರ್‌ಗಳಿಗೆ ಸಿಕ್ಕಿದ್ದನ್ನು ನೋಡಿ ತೀರ್ಪು ಕೊಡುತ್ತಾರೆ, ಆ ಹಳೆಯ ಸಂಬಳಗಳು ಕಡಿಮೆ. ಅದಕ್ಕೆ 6 ಕೋಟಿಗೆ ಇಳಿಸಿದೆ. 2030ರಿಂದ 2032 ಬಿಡುಗಡೆಯ ವರ್ಷಗಳು. 4, 3.7, 3.4, ಒಟ್ಟು 11.1 ಗೆಲುವು, ಸುಮಾರು 10 ಕೋಟಿ. ಮುಂದೆ ಗೆಲುವಿನ ದರ ಏರುತ್ತದೆ, ಜೊತೆಗೆ ನಾಳೆಯ ಡಾಲರ್ ಇವತ್ತಿನದಕ್ಕಿಂತ ಸವಕಲು. ಎರಡನ್ನೂ ಒಂದಕ್ಕೊಂದು ವಜಾ ಹಾಕಿದ್ದೇನೆ. ಒಟ್ಟು ಏಳು ವರ್ಷಕ್ಕೆ 16 ಕೋಟಿ ಡಾಲರ್.

ಇದು ಸರಿಯೋ ತಪ್ಪೋ ಅಂತ ನೋಡಲು ನಿಜವಾಗಿ ಸಹಿ ಬಿದ್ದ ಒಪ್ಪಂದಗಳ ಪಕ್ಕ ಇಡಬೇಕು. ಗ್ಯಾರೆಟ್ ಕ್ರೋಶೆಗೆ ಬಾಸ್ಟನ್ ರೆಡ್ ಸಾಕ್ಸ್ 2026ರಿಂದ ಆರು ವರ್ಷಕ್ಕೆ 17 ಕೋಟಿ ಬರೆದುಕೊಟ್ಟಿದೆ. ಸಹಿ ಹಾಕುವಾಗ ವಯಸ್ಸು 25. 2022ರಲ್ಲಿ ಮೊಣಕೈ ಆಪರೇಷನ್ ಆದವನು. ಅವನದರಲ್ಲಿ ಪಂಚಾಯಿತಿಯ ವರ್ಷ ಒಂದೇ. ಆ ವರ್ಷ ಪಂಚಾಯಿತಿಯಲ್ಲಿ ಸಿಗಬಹುದಾಗಿದ್ದ ಕಡಿಮೆ ಮೊತ್ತವನ್ನು ಬದಿಗಿಟ್ಟರೆ ಉಳಿದ ಐದಕ್ಕೆ ವರ್ಷಕ್ಕೆ 3 ಕೋಟಿ ಮೇಲೆ. ನನ್ನ ಲೆಕ್ಕದಲ್ಲಿ ಸ್ಕೀನ್ಸ್‌ನ ಬಿಡುಗಡೆಯ ವರ್ಷಕ್ಕೆ 3.3 ಕೋಟಿ. ಹತ್ತಿರ ಕೂತಿತು. ಸ್ಪೆನ್ಸರ್ ಸ್ಟ್ರೈಡರ್ ತುಂಬಾ ಮುಂಚೆ ಸಹಿ ಹಾಕಿದ. 2022ರ ಅಕ್ಟೋಬರ್, ಅಟ್ಲಾಂಟಾ ಬ್ರೇವ್ಸ್, ಆರು ವರ್ಷಕ್ಕೆ 7.5 ಕೋಟಿ. ಮರುವರ್ಷ 20 ಗೆಲುವು, 281 ಸ್ಟ್ರೈಕ್‌ಔಟ್. ಅಯ್ಯೋ, ಅಗ್ಗಕ್ಕೆ ಹೋದನಲ್ಲ ಅಂದರು ಜನ. 2024ರ ಏಪ್ರಿಲ್‌ನಲ್ಲಿ ಮೊಣಕೈ ಆಪರೇಷನ್. ಆಗ ಆ ಮಾತು ನಿಂತಿತು.

ಬರ್ನ್ಸ್ ಮುಂಚೆ ಸಹಿ ಹಾಕದೆ ಕೊನೆಯವರೆಗೂ ಕಾದ. 2024ರ ಡಿಸೆಂಬರ್‌ನಲ್ಲಿ ಅರಿಜೋನಾ ಡೈಮಂಡ್‌ಬ್ಯಾಕ್ಸ್ ಅವನಿಗೆ ಆರು ವರ್ಷಕ್ಕೆ 21 ಕೋಟಿ ಕೊಟ್ಟಿತು. 2025ರ ಜೂನ್‌ನಲ್ಲಿ ಟಾಮಿ ಜಾನ್ ಆಪರೇಷನ್ ಆಯಿತು. ಆರು ತಿಂಗಳ ಅಂತರ. ಅದೇ ಲಿಗಮೆಂಟ್ ಒಂದು ವರ್ಷ ಮುಂಚೆ ಹರಿದಿದ್ದರೆ? ನನ್ನ ಕೆಲಸದಲ್ಲಿ ಇಂಥ ಅಂತರ ದಿನವೂ ಕಾಣುತ್ತದೆ. ಆದರೂ ಬರ್ನ್ಸ್ ತಾರೀಖು ನೋಡಿದಾಗ ನನಗೆ ಎದೆ ಝಲ್ಲೆಂದಿತ್ತು.

2025ರವರೆಗೆ ಪೈರೇಟ್ಸ್ ಕೊಟ್ಟ ಅತಿ ದೊಡ್ಡ ಒಪ್ಪಂದ ಬ್ರಯಾನ್ ರೇನಾಲ್ಡ್ಸ್‌ನದು, ಎಂಟು ವರ್ಷಕ್ಕೆ 10.675 ಕೋಟಿ. ಪಿಚರ್‌ಗಳಲ್ಲಿ ಮಿಚ್ ಕೆಲ್ಲರ್, 7.7 ಕೋಟಿ. ಈ ತಂಡ 2015ರ ನಂತರ ಪ್ಲೇಆಫ್ ಮುಖ ನೋಡಿಲ್ಲ. ಹಿಂದೆ 2011ರಲ್ಲಿ ಇದೇ ರೀತಿ ಮೊದಲ ಆಯ್ಕೆಯಾಗಿ ಗೆರಿಟ್ ಕೋಲ್‌ನನ್ನು ತಂದಿತ್ತು. 2018ರಲ್ಲಿ ಹ್ಯೂಸ್ಟನ್‌ಗೆ ಕೊಟ್ಟುಬಿಟ್ಟಿತು. ಮರುವರ್ಷದ ಕೊನೆಗೆ ಯಾಂಕೀಸ್ ಅವನಿಗೆ ಒಂಬತ್ತು ವರ್ಷಕ್ಕೆ 32.4 ಕೋಟಿ ಕೊಟ್ಟಿತು. ಆಗ ಅವನಿಗೆ 29. ಈ ಊರಿನವರಿಗೆ ಆ ಗಾಯ ಇನ್ನೂ ಮಾಗಿಲ್ಲ. (ನಡುವೆ ಒಂದು ಮಾತು: 2008ರಲ್ಲಿ ಉತ್ತರ ಪ್ರದೇಶದ ರಿಂಕು ಸಿಂಗ್, ದಿನೇಶ್ ಪಟೇಲ್ ಎಂಬ ಇಬ್ಬರು ಹುಡುಗರಿಂದ ಪಿಚರ್‌ಗಳಾಗಿ ಸಹಿ ಹಾಕಿಸಿಕೊಂಡದ್ದೂ ಇದೇ ಪೈರೇಟ್ಸ್. ಆ ಧೈರ್ಯಕ್ಕೆ ನನಗೆ ಈ ತಂಡದ ಮೇಲೆ ಇವತ್ತಿಗೂ ಪ್ರೀತಿ.)

ನಾನು ಸ್ಕೀನ್ಸ್ ಕಡೆಯವನಾಗಿ ಕೂತರೆ 16 ಕೋಟಿ ಒಪ್ಪುತ್ತೇನೆ, ಆದರೆ 2031ರ ಕೊನೆಗೆ ಹೊರಗೆ ಹೋಗುವ ಹಕ್ಕು ಕೇಳುತ್ತೇನೆ. ಆಗ ಅವನಿಗೆ 29, ಕೋಲ್‌ಗೆ ಆದಷ್ಟೇ ವಯಸ್ಸು. ತಂಡದ ಕಡೆ ಕೂತರೆ ಆ ಹಕ್ಕಿಗೆ ಬದಲಾಗಿ ಜಾನ್ ಲ್ಯಾಕಿ ಷರತ್ತು ಕೇಳುತ್ತೇನೆ. 2009ರಲ್ಲಿ ರೆಡ್ ಸಾಕ್ಸ್ ಲ್ಯಾಕಿಗೆ ಐದು ವರ್ಷಕ್ಕೆ 8.25 ಕೋಟಿ ಕೊಟ್ಟಾಗ ಒಂದು ಸಾಲು ಸೇರಿಸಿತ್ತು. ಮೊಣಕೈಯಿಂದಾಗಿ ತುಂಬಾ ಕಾಲ ಆಟ ತಪ್ಪಿದರೆ ಆರನೇ ವರ್ಷ ಕನಿಷ್ಠ ಸಂಬಳಕ್ಕೆ ಆಡಿಸುವ ಹಕ್ಕು ತಂಡದ್ದು. 2012ರ ಸೀಸನ್ ಪೂರ್ತಿ ತಪ್ಪಿತು. 2015ರಲ್ಲಿ ಲ್ಯಾಕಿ, ಆ ಹೊತ್ತಿಗೆ ತಾವಿದ್ದ ಸೇಂಟ್ ಲೂಯಿಸ್ ತಂಡಕ್ಕೆ 5,07,500 ಡಾಲರ್ ಮೂಲ ಸಂಬಳಕ್ಕೆ 218 ಇನ್ನಿಂಗ್ಸ್ ಎಸೆದರು, ಇಆರ್‌ಎ 2.77. ಸಿಯಾಟಲ್‌ನ ಫೆಲಿಕ್ಸ್ ಹೆರ್ನಾಂಡೆಸ್ ಅವರ 17.5 ಕೋಟಿಯ ಒಪ್ಪಂದದಲ್ಲೂ ಇಂಥದೇ ಸಾಲಿತ್ತು. ಅವರ ಮೊಣಕೈ ಉಳಿಯಿತು, ವೇಗ ಉಳಿಯಲಿಲ್ಲ. 2019ರ ಹೊತ್ತಿಗೆ ಇಆರ್‌ಎ 6.40. ಷರತ್ತು ಬರೆಯುವವರು ಮೊಣಕೈ ಮಾತ್ರ ಕಂಡರೆ ಸಾಲದು, ನಿಧಾನವಾಗಿ ಸೋರಿ ಹೋಗುವ ವೇಗವನ್ನೂ ಕಾಣಬೇಕು.

ಲೀಗ್ ಮತ್ತು ಆಟಗಾರರ ಸಂಘದ ಒಪ್ಪಂದ 2026ರ ಡಿಸೆಂಬರ್ 1ಕ್ಕೆ ಮುಗಿಯುತ್ತದೆ. ಮೂರು ವರ್ಷ, ಆರು ವರ್ಷ, ಹುಂಡಿ ಎಲ್ಲ ಬದಲಾಗಬಹುದು. ನನ್ನ 16 ಕೋಟಿ ಈಗಿನ ನಿಯಮದ 16 ಕೋಟಿ.

ಮಾತು ಮುಗಿದ ಮೇಲೆ ಹೈಸ್ಕೂಲ್ ಓದುವ ಹುಡುಗನೊಬ್ಬ ಎದ್ದು ನಿಂತ. ಶಾಲೆಯ ತಂಡಕ್ಕೆ ಅವನೂ ಪಿಚರ್. "ಅಂಕಲ್, ಸ್ಕೀನ್ಸ್ 2029ರವರೆಗೆ ಕಾಯಬೇಕು ಅಲ್ವಾ? ಆಮೇಲೆ 40 ಕೋಟಿ ಸಿಗಬಹುದು" ಅಂದ. ಸಿಗಬಹುದು ಅಂದೆ. ಗಾಯವಾದರೂ ಎಲ್ಲ ಮುಗಿಯುವುದಿಲ್ಲ, ಕ್ರೋಶೆ ಎದ್ದು ಬಂದ, ಅದನ್ನೂ ಹೇಳಿದೆ. ಆದರೆ ನಡುವೆ ನಾಲ್ಕು ಸೀಸನ್ ಇದೆ. ಪ್ರತಿ ಸೀಸನ್ ಸಲೀಸಾಗಿ ದಾಟುವ ಸಾಧ್ಯತೆ ಆರರಲ್ಲಿ ಐದು ಅಂತ ಹಿಡಿದಿದ್ದೇವೆ. ನಾಲ್ಕೂ ದಾಟುವ ಸಾಧ್ಯತೆ ಎಷ್ಟು, ನೀನೇ ನೋಡು ಅಂದೆ.

ಹುಡುಗ ಫೋನ್ ತೆಗೆದು ಐದನ್ನು ಆರರಿಂದ ಭಾಗಿಸಿ, ನಾಲ್ಕು ಸಲ ಗುಣಿಸಿದ. 0.48 ಬಂತು. ಅವನ ಅಮ್ಮ ಪಕ್ಕದಲ್ಲೇ ಕೂತಿದ್ದರು. ಅವರೂ ಬಗ್ಗಿ ಆ ಸಂಖ್ಯೆ ನೋಡಿದರು.